ಹನ್ನೊಂದು ಮನೆಗಳ ಮೇಲೆ ಎಳೆದ ಗೆರೆ

ಕೊಚ್ಚಿಯ ಪಾಲಾರಿವಟ್ಟಂನ ಒಂದು ಖಾಸಗಿ ಯೋಜನಾ ಕಚೇರಿಯಲ್ಲಿ ನಾನು ನಕ್ಷೆ ಬರೆಯುತ್ತಿದ್ದೆ. ಕೊಚ್ಚಿಯಿಂದ ತಿರುವನಂತಪುರದ ಕಡೆ ಹೋಗುವ ಹೆದ್ದಾರಿ ಅಗಲವಾಗುವುದಿತ್ತು. ದಾರಿಯ ಹಳ್ಳಿಗಳಲ್ಲಿ ಎಲ್ಲಿ ಮನೆ, ಎಲ್ಲಿ ಅಂಗಡಿ, ಎಲ್ಲಿ ಗದ್ದೆ ಇರಬೇಕೆಂದು ಬಣ್ಣ ಹಚ್ಚಿ ತೋರಿಸುವುದು ನನ್ನ ಕೆಲಸ.

ಒಂದು ಹಳ್ಳಿಯ ಹತ್ತಿರ ಹೊಸ ರಸ್ತೆ ಪಶ್ಚಿಮಕ್ಕೆ, ಮಣ್ಣು ತುಂಬಿ ಖಾಲಿ ಬಿಟ್ಟಿದ್ದ ಗದ್ದೆಯ ಮೇಲೆ ಹೋಗುತ್ತಿತ್ತು. ಒಂದು ಬೆಳಿಗ್ಗೆ ನಮ್ಮ ಯಜಮಾನರು ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ಅಲ್ಲಿ ತಮಗೆ ಬೇಕಾದವರೊಬ್ಬರು ಮದುವೆ ಹಾಲ್ ಕಟ್ಟಿಸುವವರಿದ್ದಾರೆ, ರಸ್ತೆಯನ್ನು ಪೂರ್ವಕ್ಕೆ ಸರಿಸು ಎಂದರು. ಪೂರ್ವದಲ್ಲಿ ಹನ್ನೊಂದು ಮನೆಗಳಿದ್ದವು. ನಾನು ಸರಿಸಿದೆ. ಎರಡು ನಿಮಿಷದ ಕೆಲಸ.

ನಮ್ಮ ಸರ್ವೇಯರ್ ಕಾಸರಗೋಡಿನವರು, ಐವತ್ತು ದಾಟಿದವರು. ಪುತ್ತೂರಿನವಳಾದ ನನಗೆ ಆ ಕಚೇರಿಯಲ್ಲಿ ಕನ್ನಡ ಮಾತಾಡಲು ಸಿಗುತ್ತಿದ್ದವರು ಅವರೊಬ್ಬರೇ. ಹೊಸ ನಕ್ಷೆಯನ್ನು ಮೇಜಿನ ಮೇಲೆ ಹರಡಿ ಅವರು ಕೇಳಿದರು: "ಇದು ಇಲ್ಲಿ ತಿರುಗಿದ್ದು ಎಂತಕ್ಕೆ?"

"ನೆಲದ ಲೆವೆಲ್ ಸಮಸ್ಯೆ ಉಂಟಂತೆ ಅಣ್ಣ," ಎಂದೆ.

ಅವರು ನಕ್ಷೆಯನ್ನು ಸುತ್ತಿ ಕೊಳವೆಗೆ ಹಾಕಿದರು.

ಮೊದಲ ಸಲ ರಸ್ತೆಯ ಗುರುತಿಗೆ ಸರ್ವೆ ಕಲ್ಲು ನೆಡಲು ಹೋದಾಗ ಯಾರೂ ತಡೆಯಲಿಲ್ಲ. ಬಟ್ಟೆ ಹೊಲಿಯುವ ಹೆಂಗಸೊಬ್ಬಳು ತನ್ನ ಜಗಲಿಯಲ್ಲಿ ನನ್ನನ್ನು ಕೂರಿಸಿ ಉಪ್ಪು ಹಾಕಿದ ಗಂಜಿನೀರು ಕೊಟ್ಟಳು. ಆ ಕಲ್ಲುಗಳು ಏನೆಂದು ಅವಳಿಗೆ ಆಗ ಗೊತ್ತಿರಲಿಲ್ಲ. ನಾನು ಹೇಳಲೂ ಇಲ್ಲ. ಎರಡನೆಯ ಸಲ ಹೋಗುವಷ್ಟರಲ್ಲಿ ಊರಿಗೆಲ್ಲ ಗೊತ್ತಾಗಿತ್ತು. ಕಲ್ಲುಗಳನ್ನು ಕಿತ್ತು ಪಕ್ಕದ ನೀರಿನ ತೋಡಿಗೆ ಎಸೆದಿದ್ದರು. ನಮ್ಮ ಜೊತೆ ಒಂದು ಪೊಲೀಸ್ ವ್ಯಾನು ಬಂದಿತ್ತು, ಆದರೆ ಅದನ್ನು ರಸ್ತೆಯ ತಿರುವಿನಾಚೆ ನಿಲ್ಲಿಸಿದ್ದರು.

ಜನ ಜೀಪನ್ನು ಸುತ್ತುವರಿದರು. ಒಬ್ಬ ತೆಂಗಿನ ಮಡಲಿನ ಕೊತ್ತಳಿಗೆಯಿಂದ ಬಾನೆಟ್ಟಿಗೆ ಬಡಿಯುತ್ತಲೇ ಇದ್ದ. ಗಾಜು ಒಡೆದು ನನ್ನ ಮಡಿಲಿಗೆ ಬಿತ್ತು. ಸರ್ವೇಯರ್ ಇಳಿದು, ಹೊರಗೆ ಮುಕ್ಕಾಲಿಯ ಮೇಲೆ ಮೊದಲೇ ನಿಲ್ಲಿಸಿದ್ದ ಅಳತೆ ಯಂತ್ರವನ್ನು ಉಳಿಸಿಕೊಳ್ಳಲು ಬಗ್ಗಿದರು. ಅವರ ಬಲಗೈ ನೆಲದ ಮೇಲಿತ್ತು. ಯಾರೋ ಒಬ್ಬ ಗಂಡಸು ಸರ್ವೆ ಕಲ್ಲನ್ನು ಎರಡೂ ಕೈಯಲ್ಲಿ ಎತ್ತಿ ಆ ಕೈಯ ಮೇಲೆ ಹಾಕಿದ. ನನಗೆ ಕಂಡದ್ದು ಅವನ ಬೆನ್ನು ಮಾತ್ರ. ತೆಂಗಿನಕಾಯಿ ಒಡೆದಂಥ ಸದ್ದು. ಸರ್ವೇಯರ್ ತಮ್ಮ ಕೈಯನ್ನೇ ನೋಡುತ್ತ ಕೂತುಬಿಟ್ಟರು.

ಆಗ ಪೊಲೀಸರು ಓಡಿಬಂದರು. ಜನ ಗದ್ದೆಗೆ ಹಾರಿದರು. ಹೊಲಿಗೆಯ ಹೆಂಗಸು ಓಡಲಿಲ್ಲ, ತನ್ನ ಜಗಲಿಯ ಮೆಟ್ಟಿಲ ಮೇಲೆ ಅಡ್ಡ ನಿಂತಿದ್ದಳು. ಇಬ್ಬರು ಪೊಲೀಸರು ಅವಳಿಗೆ ಲಾಠಿಯಿಂದ ಹೊಡೆದರು. ಮೊದಲು ತೊಡೆಗೆ, ಅವಳು ಬಿದ್ದ ಮೇಲೆ ಬೆನ್ನಿಗೆ, ತಲೆಗೆ ಅಡ್ಡ ಹಿಡಿದ ಬಲತೋಳಿಗೆ. ತೋಳು ಮೊಣಕೈಯ ಕೆಳಗೆ ಮುರಿದು ತಿರುಗಿತು. ಹೊಲಿಗೆ ಯಂತ್ರವನ್ನು ಒದ್ದು ಅಂಗಳಕ್ಕೆ ಕೆಡವಿದರು. ಅವಳಿಂದ ಹತ್ತು ಹೆಜ್ಜೆ ದೂರದಲ್ಲಿ ಜೀಪಿನಿಂದ ಇಳಿದ ನಾನು ನಕ್ಷೆಯ ಕೊಳವೆಯನ್ನು ಎದೆಗೆ ಒತ್ತಿಕೊಂಡು ನಿಂತಿದ್ದೆ. ಅವಳು ನನ್ನನ್ನು ನೋಡಿದಳು. ನಾನು ಜೀಪಿನ ಕಡೆ ತಿರುಗಿಕೊಂಡೆ.

ಕೊಚ್ಚಿಯ ಆಸ್ಪತ್ರೆಯಲ್ಲಿ ಸರ್ವೇಯರರ ಎರಡು ಬೆರಳು ತೆಗೆದರು. ಮೂರನೆಯ ದಿನ ಹೋಗಿ ಅವರ ಮಂಚದ ಹತ್ತಿರ ಕೂತೆ.

"ನೀನು ಅವತ್ತು ಲೆವೆಲ್ ಅಂದಿಯಲ್ಲ," ಎಂದರು ಅವರು. "ಅಲ್ಲಿ ಲೆವೆಲ್ ತೆಗೆದದ್ದು ನಾನು. ಎರಡು ಬದಿಯೂ ಒಂದೇ ಉಂಟು."

"ಗೊತ್ತಿದ್ದರೆ ಯಾಕೆ ಹೇಳಲಿಲ್ಲ ಅಣ್ಣ?"

"ನೀನು ಯಾಕೆ ಹೇಳಲಿಲ್ಲವೋ ಅದಕ್ಕೇ. ಸಂಬಳ."

ಮುಂದಿನ ವಾರ ಈ ಗಲಾಟೆಯ ಬಗ್ಗೆ ತಿರುವನಂತಪುರದಲ್ಲಿ ಹೆದ್ದಾರಿ ಇಲಾಖೆಯ ಸಭೆ. ರೈಲಿನಲ್ಲಿ ಯಜಮಾನರು ಒಂದು ಹಾಳೆ ಕೊಟ್ಟು ಸಹಿ ಹಾಕು ಎಂದರು. ಸರ್ವೇಯರರ ಕೈಯ ಮೇಲೆ ಕಲ್ಲು ಹಾಕಿದ್ದು ಹೊಲಿಗೆಯ ಹೆಂಗಸು, ಪೊಲೀಸರು ತಡೆಯಲು ಹೋದಾಗ ಅವಳೇ ಬಿದ್ದಳು ಎಂದು ಅದರಲ್ಲಿತ್ತು. ಆಮೇಲೆ ಹಾಕುತ್ತೇನೆ ಎಂದು ಚೀಲದಲ್ಲಿಟ್ಟೆ. ಅದೇ ಚೀಲದಲ್ಲಿ ರಸ್ತೆ ಸರಿಸುವ ಮೊದಲಿನ ಹಳೆಯ ನಕ್ಷೆಯೂ ಇತ್ತು. ಬೆಳಿಗ್ಗೆ ಅದನ್ನು ಕಚೇರಿಯ ಕಪಾಟಿನಿಂದ ತೆಗೆಯುವಾಗ ಏನು ಮಾಡುತ್ತೇನೆಂದು ನನಗೇ ತಿಳಿದಿರಲಿಲ್ಲ.

ಸಭೆಯಲ್ಲಿ ಅಧಿಕಾರಿ ನನ್ನ ಕಡೆ ತಿರುಗಿ, ನೀವು ಅಲ್ಲಿದ್ದಿರಲ್ಲ, ಏನು ನೋಡಿದಿರಿ ಎಂದು ಕೇಳಿದರು. ನಾನು ಎದ್ದು ಹಳೆಯದು, ಹೊಸದು ಎರಡು ನಕ್ಷೆಗಳನ್ನೂ ಮೇಜಿನ ಮೇಲೆ ಬಿಡಿಸಿಟ್ಟೆ. ರಸ್ತೆ ಸರಿದದ್ದು ಯಜಮಾನರು ಹೇಳಿದ್ದಕ್ಕೆ, ಸರಿಸಿದವಳು ನಾನೇ, ಕಲ್ಲು ಹಾಕಿದವನು ಗಂಡಸು, ಆ ಹೆಂಗಸಿಗೆ ಪೊಲೀಸರು ಅವಳ ಜಗಲಿಯಲ್ಲೇ ಹೊಡೆದರು ಎಂದು ಹೇಳಿದೆ. ನನ್ನ ಮಲಯಾಳಂ ಒಡೆದೊಡೆದು ಬರುತ್ತಿತ್ತು. ಅಧಿಕಾರಿ ಎರಡು ನಕ್ಷೆಗಳನ್ನೂ ತಮ್ಮ ಕಡತಕ್ಕೆ ಸೇರಿಸಿ, ಸಭೆ ಮುಗಿಯಿತು ಎಂದರು.

ಹೊರಗಿನ ಮೊಗಸಾಲೆಯಲ್ಲಿ ಯಜಮಾನರು ನನ್ನ ಕೈಯಿಂದ ಕೊಳವೆ ಕಿತ್ತುಕೊಂಡು ಅದರಿಂದಲೇ ಮುಖಕ್ಕೆ ಹೊಡೆದರು. ತುಟಿ ಒಡೆಯಿತು. ಇನ್ನೊಮ್ಮೆ ಎತ್ತಿದಾಗ ನಾನು ಅವರ ಮಣಿಕಟ್ಟನ್ನು ಕಚ್ಚಿದೆ. ಬಾಯಲ್ಲಿ ರಕ್ತದ ರುಚಿ ಬಂತು, ನನ್ನದೋ ಅವರದೋ ತಿಳಿಯದು. ಜವಾನರಿಬ್ಬರು ಬಂದು ನನ್ನನ್ನು ಎಳೆಯುವವರೆಗೂ ಬಿಡಲಿಲ್ಲ. ಆ ಹೊತ್ತಿನಲ್ಲಿ ನನಗೆ ಸಂತೋಷವೇ ಆಗಿತ್ತು. ಆಮೇಲೆ ಎಷ್ಟೋ ದಿನ ಆ ಸಂತೋಷಕ್ಕೆ ಹೆದರಿದ್ದೇನೆ.

ಕೆಲಸ ಅವತ್ತೇ ಹೋಯಿತು. ರಸ್ತೆ ಪಶ್ಚಿಮಕ್ಕೆ ಸರಿಯಿತು, ಪೂರ್ತಿ ಅಲ್ಲ. ಏಳು ಮನೆ ಉಳಿದವು, ನಾಲ್ಕು ಹೋದವು. ಹೊಲಿಗೆಯ ಹೆಂಗಸಿನ ಮನೆ ಉಳಿಯಿತು, ಅವಳ ಮೇಲೆ ಪೊಲೀಸರು ಹಾಕಿದ್ದ ಕೇಸೂ ಬಿದ್ದುಹೋಯಿತು. ಸರ್ವೇಯರ್ ಕಾಸರಗೋಡಿಗೆ ಮರಳಿ ಎಡಗೈಯಲ್ಲಿ ಬರೆಯಲು ಕಲಿತರು.

ವರ್ಷ ಕಳೆದ ಮೇಲೆ ಒಂದು ಮಧ್ಯಾಹ್ನ ಹೊಲಿಗೆಯ ಹೆಂಗಸಿನ ಮನೆಗೆ ಹೋದೆ. ಅವಳ ಬಲತೋಳು ನೆಟ್ಟಗೆ ಆಗಿರಲಿಲ್ಲ. ಯಂತ್ರದ ಮೇಲೆ ಬಟ್ಟೆ ಮುಚ್ಚಿತ್ತು.

"ಆ ಗೆರೆ ಎಳೆದವಳು ನಾನು ಅಕ್ಕ," ಎಂದೆ.

ಅವಳು ಎದ್ದು ಬಂದು ಎಡಗೈಯಲ್ಲಿ ನನ್ನ ಕೆನ್ನೆಗೆ ಹೊಡೆದಳು. ಬಲವಾದ ಹೊಡೆತ, ಕಿವಿ ಗುಂಯ್ ಎಂದಿತು. ಇನ್ನೊಂದು ಹೊಡೆಯಬಹುದೆಂದು ನಿಂತೇ ಇದ್ದೆ.

"ಹೇಳಿ ಆಯಿತಲ್ಲ," ಎಂದಳು. "ಈಗ ಹೋಗು. ನನ್ನ ಅಣ್ಣ ಊಟಕ್ಕೆ ಬರುವ ಹೊತ್ತು. ಅವನು ಒಂದು ಏಟಿಗೆ ಬಿಡುವವನಲ್ಲ."

ಬಸ್ ನಿಲ್ದಾಣದವರೆಗೆ ನಾನು ನಡೆಯಲಿಲ್ಲ, ಓಡಿದೆ.