ಅಮಾವಾಸ್ಯೆಯ ದಿನ ಅಳಿಸಿಹೋದ ನವಿಲು

ತಾಯಿ ಮಾರಮ್ಮನನ್ನು ನಂಬಿದ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ,

ಹೋದ ವರ್ಷ ಕಾರ್ತಿಕದ ಅಮಾವಾಸ್ಯೆಯ ಬೆಳಗ್ಗೆ ನಾನು ಕೈಯಾರೆ ಒಂದು ನವಿಲನ್ನು ಇಲ್ಲವಾಗಿಸಿದೆ. ಜೀವ ಇರುವ ನವಿಲಲ್ಲ, ಫೋನಿನೊಳಗೆ ಬರೆದಿಟ್ಟಿದ್ದ ಚಿತ್ರ. ಚಿತ್ರಕ್ಕೆ ಇಷ್ಟು ಹೆದರಬೇಕೇ ಎಂದು ನೀವು ಕೇಳಬಹುದು. ಅಂದು ನಾನು ಪಟ್ಟ ಭಯ ಅಷ್ಟಿಷ್ಟಲ್ಲ. ಮೊದಲಿನಿಂದ ಹೇಳುತ್ತೇನೆ.

ನಮ್ಮದು ಮೊಳಕಾಲ್ಮೂರಿನಲ್ಲಿ ರೇಷ್ಮೆ ಸೀರೆ ನೇಯುವ ಮನೆ. ನನ್ನ ಅತ್ತೆಗೆ ಒಂದು ಅಂಚು ಬರುತ್ತಿತ್ತು: ಕತ್ತು ಹಿಂದಕ್ಕೆ ತಿರುಗಿಸಿ ನೋಡುವ ನವಿಲು. ಆ ಅಂಚಿನ ಹಳೆಯ ಸೀರೆ ಒಂದೂ ಉಳಿದಿಲ್ಲ, ಎಲ್ಲವೂ ಜರಿ ಕರಗಿಸುವವರ ಪಾಲಾಗಿವೆ. ನವಿಲು ಉಳಿದಿದ್ದುದು ಅತ್ತೆಯ ತಲೆಯಲ್ಲಿ ಮಾತ್ರ. ಅದನ್ನು ನನ್ನ ಫೋನಿನ ಒಂದು ಆ್ಯಪ್‌ಗೆ ಇಳಿಸಿಕೊಳ್ಳಲು ದಸರೆ ಮುಗಿದ ಮೇಲೆ ಕೂತೆವು. ಪರದೆಯ ತುಂಬ ಸಣ್ಣ ಸಣ್ಣ ಚೌಕ, ಒಂದೊಂದು ಚೌಕ ಒಂದೊಂದು ಎಳೆ. ಆ ಚಿತ್ರ ನೋಡಿಕೊಂಡು ರಟ್ಟಿಗೆ ತೂತು ಹೊಡೆಸಿ ಮಗ್ಗಕ್ಕೆ ಏರಿಸಬೇಕು.

ಅತ್ತೆ ಮಂಚದ ಮೇಲೆ ಕೂತು ಹೇಳುವರು, ನಾನು ಬೆರಳಲ್ಲಿ ಚೌಕ ತುಂಬುವೆ. ಅವರ ತವರು ರಾಯದುರ್ಗದ ಕಡೆ. ಮಾತೆಲ್ಲ ಕನ್ನಡವಾದರೂ ಎಳೆ ಎಣಿಸುವುದು ಮಾತ್ರ ತೆಲುಗಿನಲ್ಲೇ, ಒಕಟಿ, ರೆಂಡು, ಮೂಡು. ನಾನು ತಪ್ಪಿದರೆ, "ನಿನ್ ಕಣ್ಣು ಎಲ್ಲೈತೆ ತಾಯಿ, ಸಾರಿನ ಮ್ಯಾಲಾ?" ಎಂದು ಗದರುವರು. ಆ್ಯಪ್ ಆಗಾಗ ‘ವೈಫೈಗಾಗಿ ಕಾಯುತ್ತಿದೆ’ ಎಂದು ಸಂದೇಶ ತೋರಿಸುತ್ತಿತ್ತು. ನಮ್ಮ ಮನೆಯಲ್ಲಿ ವೈಫೈ ಎಲ್ಲಿಂದ ಬರಬೇಕು! ಕಾಯಲಿ ಬಿಡು ಎಂದು ಪಕ್ಕಕ್ಕೆ ಸರಿಸುತ್ತಿದ್ದೆ.

ನವಿಲು ಮುಗಿದ ಮಾರನೆಯ ದಿನವೇ ಅತ್ತೆಗೆ ಲಕ್ವ ಹೊಡೆಯಿತು. ಕಾಫಿ ಲೋಟ ಕೈಯಿಂದ ಜಾರಿತು, ಬಾಯಿ ಸೊಟ್ಟಗಾಯಿತು. ನಮ್ಮೂರ ಆಸ್ಪತ್ರೆಯಲ್ಲಿ ನೋಡಿದ ಕೂಡಲೇ ಚಳ್ಳಕೆರೆಗೆ ಕರೆದೊಯ್ಯಲು ಹೇಳಿದರು. ಆಂಬುಲೆನ್ಸು ಹಾನಗಲ್ ದಾಟಿ ತಳಕು ಬರುವಷ್ಟರಲ್ಲಿ ನಾನು ಅತ್ತೆಯ ಮುಖ ನೋಡುವ ಧೈರ್ಯವನ್ನೇ ಕಳೆದುಕೊಂಡಿದ್ದೆ. ಕಣ್ಣು ಮುಚ್ಚಿ ಹರಕೆ ಹೊತ್ತೆ. "ತಾಯಿ ಮಾರಮ್ಮ, ಅತ್ತೆ ಬಾಯಲ್ಲಿ ಮತ್ತೆ ಮಾತು ಬರಿಸು. ಅವರದೇ ನವಿಲಂಚಿನ ಸೀರೆ ನೇಯ್ದು ನಿನಗೆ ಉಡಿಸ್ತೀನಿ."

ಜೀವ ಉಳಿಯಿತು. ಬಲಗೈ, ಬಲಗಾಲು ಸ್ವಾಧೀನ ತಪ್ಪಿದವು, ಮಾತು ಪೂರ್ತಿ ನಿಂತಿತು. ಡಾಕ್ಟರು, "ಮಾತು ಬರಬಹುದಮ್ಮ, ಬರದೇನೂ ಇರಬಹುದು, ಕಾದು ನೋಡ್ಬೇಕು" ಎಂದರು. ಸ್ಕ್ಯಾನಿನ ಚಿತ್ರಗಳನ್ನು ಫೋನಿಗೆ ತರಿಸಿಕೊಳ್ಳಲೆಂದು ವಾರ್ಡಿನ ಸಿಸ್ಟರ್ ನನ್ನ ಫೋನಿಗೆ ಆಸ್ಪತ್ರೆಯ ವೈಫೈ ಹಾಕಿಕೊಟ್ಟರು. ಫೋನನ್ನು ಅಲ್ಲೇ ಚಾರ್ಜಿಗೆ ಇಟ್ಟು ನಾನು ಅತ್ತೆಯ ಕಾಲ ಬಳಿ ಕೂತಿರುತ್ತಿದ್ದೆ.

ಮನೆಗೆ ಬಂದೆವು. ಹರಕೆಯ ಸೀರೆಗೆ ರಟ್ಟು ಹೊಡೆಸಬೇಕು ಎನ್ನುವಾಗಲೇ ಅಮಾವಾಸ್ಯೆ ಬಂತು. ಅಂದು ನಾವು ಮಗ್ಗ ನೇಯುವುದಿಲ್ಲ. ದೂಳು ಒರೆಸಿ, ಲಾಳಿಗೆ ಎಣ್ಣೆ ಹಚ್ಚಿ, ಕೆಲಸದ ಸಾಮಾನನ್ನೆಲ್ಲ ಚೊಕ್ಕ ಮಾಡಿ ಕುಂಕುಮ ಇಟ್ಟು ಪೂಜೆ ಮಾಡುತ್ತೇವೆ. ಈಗ ಫೋನೂ ಕೆಲಸದ ಸಾಮಾನೇ ತಾನೇ? ಅದು ಬೇರೆ ವಾರದಿಂದ ಜಾಗ ಇಲ್ಲ ಜಾಗ ಇಲ್ಲ ಎಂದು ಗೋಳಾಡುತ್ತಿತ್ತು. ಲಾಳಿ ಚೊಕ್ಕ ಮಾಡಿದ ಹಾಗೆ ಇದನ್ನೂ ಚೊಕ್ಕ ಮಾಡಿಬಿಡೋಣ ಎಂದು ಭಕ್ತಿಯಿಂದಲೇ ಕೂತು, ಒಂದೊಂದೇ ಆ್ಯಪ್ ತೆರೆದು, ‘ಡೇಟಾ ತೆರವುಗೊಳಿಸಿ’ ಎಂದಲ್ಲೆಲ್ಲ ಒತ್ತಿದೆ. ಆಮೇಲೆ ಅದರ ಬೆನ್ನಿಗೆ ಕುಂಕುಮವನ್ನೂ ಇಟ್ಟೆ.

ಪೂಜೆ ಮುಗಿಸಿ ಅತ್ತೆಗೆ ನವಿಲು ತೋರಿಸೋಣವೆಂದು ಆ್ಯಪ್ ತೆರೆದರೆ ಅದು ನನ್ನ ಹೆಸರನ್ನೇ ಕೇಳಿತು! ಹೆಸರು ಕೊಟ್ಟು ಒಳಹೊಕ್ಕೆ. ಬರೀ ಬಿಳಿ ಚೌಕಗಳು. ಹಿಂದೆ ಮುಂದೆ ಎಲ್ಲ ಹುಡುಕಿದೆ. ನವಿಲಿಲ್ಲ.

ನೇಯುವಾಗ ಕಾಲು ಇಳಿಬಿಡುವ ಮಗ್ಗದ ಗುಂಡಿಯಲ್ಲಿ ಕುಸಿದು ಕೂತೆ. ನನ್ನ ಯಜಮಾನರು ಮಂಜುನಾಥ ಓಡಿಬಂದರು. "ಯಾಕೇ, ಏನಾತೇ?"

"ಅತ್ತೆ ನವಿಲು ಹೋತು ರೀ. ನಾನೇ ಅಳಿಸಿಬಿಟ್ಟೆ."

ಅವರು ಫೋನು ತಗೊಂಡು ನೋಡಿದರು. "ಅವ್ವಂಗೆ ಗೊತ್ತಾಗೋದು ಬ್ಯಾಡ, ಸುಮ್ಕಿರು" ಎಂದಷ್ಟೇ ಹೇಳಿ ಹೊರಗೆ ಹೋದರು.

ಮತ್ತೆ ಬರೆಸಿಕೊಳ್ಳೋಣವೆಂದರೆ ಹೇಳುವವರಿಗೆ ಮಾತಿಲ್ಲ. ಮಾತು ಬರಲೆಂದು ಹೊತ್ತ ಹರಕೆಗೆ ಆ ನವಿಲೇ ಬೇಕು. ಎತ್ತ ಹೋದರೂ ಗೋಡೆ. ನಾನು ಮೊದಲೇ ಪುಕ್ಕಲಿ. ಹರಕೆಗೆ ತಪ್ಪಿದೆ, ಉಳಿಸಿಕೊಟ್ಟ ಜೀವವನ್ನು ತಾಯಿ ವಾಪಸ್ ಕೇಳುತ್ತಾಳೆ ಎಂದು ಮನಸ್ಸು ಒಂದೇ ಸಮನೆ ಹೊಡೆದುಕೊಳ್ಳುತ್ತಿತ್ತು. ಅತ್ತೆ ಕೆಮ್ಮಿದರೂ ಓಡಿಹೋಗಿ ನೋಡುತ್ತಿದ್ದೆ. ಅವರು ಎಡಗೈಯಿಂದ ನನ್ನ ಫೋನಿನತ್ತ ತೋರಿಸಿ ಕೇಳುವರು, ನಾನು ಚಾರ್ಜಿಲ್ಲ ಎನ್ನುವೆ.

ಹಾಗೇ ಆಯಿತು ನೋಡಿ. ಒಂದು ಬೆಳಗ್ಗೆ ಗಂಜಿ ಕುಡಿಸುವಾಗ ಅತ್ತೆಗೆ ಗಂಟಲಿಗೆ ಸಿಕ್ಕಿಕೊಂಡು ಮುಖ ನೀಲಿಗಟ್ಟಿತು. ಬೆನ್ನು ತಟ್ಟಿ ಕಕ್ಕಿಸಿದೆವು. ಆದರೂ ಉಸಿರು ಗೊರಗೊರ ಎನ್ನುತ್ತಿತ್ತು. ಮತ್ತೆ ಅದೇ ದಾರಿ, ಅದೇ ಹಾನಗಲ್, ಅದೇ ತಳಕು. ಈ ಸಲ ತಾಯಿಯನ್ನು ಕೇಳಲು ನನಗೆ ಮುಖವೇ ಇರಲಿಲ್ಲ. "ನನ್ನ ತಪ್ಪಿಗೆ ಅವರನ್ನ ಕರ್ಕೋಬ್ಯಾಡ" ಎಂದಷ್ಟೇ ದಾರಿಯುದ್ದಕ್ಕೂ ಅಂದುಕೊಂಡೆ.

ಮಧ್ಯಾಹ್ನದ ಹೊತ್ತಿಗೆ ಅತ್ತೆಯ ಉಸಿರು ಹದಕ್ಕೆ ಬಂತು, ಕಣ್ಣು ತೆರೆದರು. ತೆರೆದವರೇ ಎಡಗೈ ಎತ್ತಿ ಮತ್ತೆ ಫೋನಿನತ್ತಲೇ ತೋರಿಸಿದರು. ಇನ್ನು ಸುಳ್ಳು ಹೇಳಲಾರೆ ಎನಿಸಿತು. ಬಿಳಿ ಚೌಕಗಳನ್ನೇ ತೋರಿಸಿ ಕಾಲು ಹಿಡಿದುಕೊಳ್ಳೋಣವೆಂದು ಆ್ಯಪ್ ತೆರೆದೆ. ಅದರಲ್ಲೊಂದು ಹೊಸ ಸಾಲು ಬಂದಿತ್ತು: ‘ನಿಮ್ಮ ಹಳೆಯ ಚಿತ್ರಗಳು ದೊರೆತಿವೆ. ಮರಳಿ ತರಬೇಕೆ?’

ನನಗೆ ಸಂತೋಷವಾಗಲಿಲ್ಲ, ಭಯವಾಯಿತು. ಇಂಥದೇ ಒಂದು ಗುಂಡಿ ಒತ್ತಿ ತಾನೇ ಮನೆ ಹಾಳು ಮಾಡಿದ್ದು! ಸಿಸ್ಟರ್ ಹತ್ತಿರ ಓಡಿ, "ನೀವೇ ಒತ್ರಿ, ನನ್ನ ಕೈ ಒಳ್ಳೇದಲ್ಲ" ಎಂದೆ.

ಅವರು ನೋಡಿ ನಕ್ಕರು. "ಹೋದ ಸಲ ಇಲ್ಲಿದ್ದಾಗ ವೈಫೈ ಹಾಕ್ಕೊಟ್ಟಿದ್ನಲ್ಲ, ಆಗ್ಲೇ ನಿಮ್ಮ ಚಿತ್ರ ಎಲ್ಲಾ ಬ್ಯಾಕಪ್ ಆಗೈತಮ್ಮ. ಈಗ ಮತ್ತೆ ವೈಫೈ ಸಿಕ್ತು, ವಾಪಸ್ ಕೊಡ್ತೈತೆ. ನಿಮ್ಮ ಬೆರಳಿಂದ ಹೋಗಿದ್ದು ನಿಮ್ಮ ಬೆರಳಿಂದಾನೇ ಬರ್ಲಿ, ಒತ್ರಿ."

"ಮಾರಮ್ಮ" ಎಂದು ಒತ್ತಿದೆ. ಸಣ್ಣ ಚಕ್ರ ತಿರುಗಿತು. ತಿರುಗುತ್ತಲೇ ಇತ್ತು. ಆಮೇಲೆ ಕಾಲು ಬಂತು, ಗರಿ ಬಂತು, ಹಿಂದಕ್ಕೆ ತಿರುಗಿದ ಕತ್ತು ಬಂತು.

ಅಳುತ್ತಲೇ ಫೋನನ್ನು ಅತ್ತೆಯ ಮುಂದೆ ಹಿಡಿದೆ. ಅವರು ತುಂಬ ಹೊತ್ತು ನೋಡಿದರು. ಎಡಗೈ ಬೆರಳು ಮೆಲ್ಲಗೆ ಮೇಲೇರಿ ನವಿಲಿನ ಜುಟ್ಟಿನ ಮೇಲೆ ನಿಂತಿತು. ಅಲ್ಲಿ ನಾನು ಎರಡು ಕಡ್ಡಿ ಬರೆದಿದ್ದೆ. ಅವರ ಹುಬ್ಬು ಗಂಟಿಕ್ಕಿತು, ತುಟಿ ಅದುರಿತು, ಗಂಟಲಿಂದ ಒಡೆದ ದನಿಯೊಂದು ಬಂತು.

"ರೆಂಡು... ಕಾದು. ಮೂಡು."

ಎರಡಲ್ಲ, ಮೂರು. ಬದುಕಿ ಬಂದ ಮೇಲೆ ಅತ್ತೆ ಆಡಿದ ಮೊದಲ ಮಾತು ನನ್ನ ತಪ್ಪು ತಿದ್ದಿದ್ದು. ನನ್ನ ಯಜಮಾನರು ಅವ್ವನ ಮಂಚದ ಕಂಬಿ ಹಿಡಿದುಕೊಂಡು ಮಗುವಿನ ಹಾಗೆ ಅತ್ತರು.

ನನ್ನ ಮೈದುನ ಈಗಲೂ ಚುಡಾಯಿಸುತ್ತಾನೆ, "ಅತ್ತಿಗೆ, ಅದು ವೈಫೈ ಮಾಡಿದ್ದು, ಮಾರಮ್ಮ ಅಲ್ಲ." ಇರಲಿ ಬಿಡಿ. ಯಾವ ಆಸ್ಪತ್ರೆಯ ದಿನಗಳನ್ನು ನಾನು ನಮ್ಮ ಕೇಡುಗಾಲ ಎಂದುಕೊಂಡಿದ್ದೆನೋ ಆ ದಿನಗಳಲ್ಲೇ, ಅತ್ತೆಯ ಮಂಚದ ಪಕ್ಕ ತಾಯಿ ನನ್ನ ನವಿಲನ್ನು ಎತ್ತಿಟ್ಟಿದ್ದಳು. ಕಳೆದುಕೊಳ್ಳುವ ಮೊದಲೇ ಕಾಪಾಡಿಟ್ಟವಳಿಗೆ ನಾನು ಬೇರೆ ಹೆಸರು ಹುಡುಕಲಾರೆ.

ಜುಟ್ಟಿಗೆ ಮೂರನೆಯ ಕಡ್ಡಿ ಸೇರಿಸಿ ಸೀರೆ ನೇಯ್ದೆವು. ಯುಗಾದಿ ಕಳೆದ ಮಂಗಳವಾರ ಗುಡಿಯ ಪೂಜಾರಿ ಅದನ್ನು ತಾಯಿಗೆ ಉಡಿಸಿದರು. ಮಂಗಳಾರತಿಯಲ್ಲಿ ಎಲ್ಲರೂ ತಾಯಿಯ ಮುಖ ನೋಡುತ್ತಿದ್ದರೆ ಅತ್ತೆ ಅಂಚನ್ನೇ ನೋಡುತ್ತಿದ್ದರು, ತುಟಿಯಲ್ಲೇ ಎಣಿಸುತ್ತಿದ್ದರು. ಸರಿ ಬಂತೆಂದು ತಲೆಯಾಡಿಸಿ, ಕೈಮುಗಿಯಲು ಎಡಗೈ ಎತ್ತಿದರು. ಬಲಗೈ ಇನ್ನೂ ಏಳುವುದಿಲ್ಲ. ನವಿಲನ್ನು ಅಳಿಸಿದ್ದ ನನ್ನ ಬಲಗೈಯನ್ನು ಅವರ ಎಡಗೈಗೆ ಜೋಡಿಸಿದೆ. ಇಬ್ಬರೂ ಸೇರಿ ಮುಗಿದೆವು.

ತಾಯಿಯ ಪಾದದ ದೂಳು,
ಸುಜಾತ, ಮೊಳಕಾಲ್ಮೂರು