ಗುಬ್ಬಿ ಆಚಾರ್ರ ಬೈರಿಗೆಯ ವಯಸ್ಸು

ಮರಕ್ಕೆ ತೂತು ಕೊರೆಯುವ ಹಳೆಯ ಕೈ ಬೈರಿಗೆ ಕೊಳ್ಳಲು ಹೊರಟವರು ಮೊದಲು ಬಣ್ಣ ನೋಡುತ್ತಾರೆ. ಅದು ತಪ್ಪು. ಹಿಡಿ ತಿರುಗಿಸಿ, ಹಲ್ಲುಚಕ್ರ ಎಲ್ಲಿ ಸವೆದಿದೆ ಎಂದು ಬೆರಳಾಡಿಸಿ ನೋಡಿ. ಹಿಡಿ, ಸ್ಕ್ರೂ ಎಲ್ಲವನ್ನೂ ಜನ ಬದಲಾಯಿಸುತ್ತಾರೆ. ಎರಕದ ಚೌಕಟ್ಟನ್ನು ಯಾರೂ ಬದಲಾಯಿಸುವುದಿಲ್ಲ. ಎಸ್ಸೆಸ್ಸೆಲ್ಸಿ ದಾಟದ ನಾನು ತುಮಕೂರಿನಲ್ಲಿ ಹಳೆ ಸಾಮಾನಿನ ಅಂಗಡಿ ಇಟ್ಟು, ಕುಣಿಗಲ್, ಅಮೃತೂರಿನ ಗುಜರಿಗಳಲ್ಲಿ ಮೊಣಕೈವರೆಗೆ ತುಕ್ಕು ಮೆತ್ತಿಕೊಂಡು ಕಲಿತದ್ದು ಇಷ್ಟು. ಬಣ್ಣವನ್ನಂತೂ ಥಿನ್ನರ್ ಹಾಕಿ ಉಜ್ಜಿ ತೆಗೆದುಬಿಡುತ್ತಿದ್ದೆ. ಗುಬ್ಬಿಯ ಆಚಾರ್ರ ಬೈರಿಗೆ ಆ ಚಟ ಬಿಡಿಸಿತು.

ಆಚಾರ್ರಿಗೆ ಎಪ್ಪತ್ತು ದಾಟಿದೆ. ಬಾಗಿಲು, ಕಿಟಕಿ ಮಾಡುವ ಮನೆತನ. ಬೈರಿಗೆ ಅವರ ತಾತ ಕೊಂಡದ್ದು. ಮೂರು ಸಲ ಹೋಗಿ ಕೇಳಿದೆ. ಮೂರು ಸಲವೂ ಟೀ ಕುಡಿಸಿ ಕಳಿಸಿದರು.

"ನಿಂಗ್ ಮಾರಾಕಾ ನಮ್ ತಾತ ತಂದಿದ್ದು? ಹೋಗಪ್ಪ ಸಾವ್ಕಾರ."

ತುಮಕೂರಿನ ಒಂದು ಕಾಲೇಜಿನಲ್ಲಿ ಹಳೆ ಉಪಕರಣಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು, ಯಾರದು, ಯಾವ ಕಾಲದ್ದು ಎಂದು ಬರೆದು ಹಾಕುತ್ತಾರೆ ಎಂದಾಗ ಮಾತ್ರ ಅವರ ಮುಖ ಅರಳಿತು. ಇಸ್ತ್ರಿ ಮಾಡಿದ ಪಂಚೆ ಉಟ್ಟು, ಬೈರಿಗೆಯನ್ನು ಟವೆಲಿನಲ್ಲಿ ಸುತ್ತಿಕೊಂಡು ನನ್ನ ಜೊತೆ ಬಂದರು.

ಅಲ್ಲಿನ ಲೆಕ್ಚರರ್ ಟವೆಲ್ ಬಿಚ್ಚಿದರು. ಫಳಫಳ ಹೊಳೆಯುವ ಗಿಳಿಹಸಿರು ಬಣ್ಣ, ಹಿಡಿಗೆ ಈಗಿನ ಕಾಲದ ಒಂದು ಸ್ಟಾರ್ ಸ್ಕ್ರೂ. ಕಂಪನಿ ಹೆಸರು ಎಲ್ಲೂ ಕಾಣದು.

"ಯಜಮಾನ್ರೆ, ಇದು ಹೆಚ್ಚಂದ್ರೆ ಇಪ್ಪತ್ತು ವರ್ಷದ್ದು. ತಾತಂದು ಅಂತ ಯಾಕ್ ಹೇಳ್ತೀರಾ?"

ಆಚಾರ್ರು ಟವೆಲ್ ಮಡಿಸಿದರು, ಮಡಿಸಿದ್ದನ್ನು ಬಿಚ್ಚಿ ಮತ್ತೆ ಮಡಿಸಿದರು. ಈ ವಯಸ್ಸಿನಲ್ಲಿ ಸುಳ್ಳುಗಾರ ಎನ್ನಿಸಿಕೊಂಡು ಗುಬ್ಬಿ ಬಸ್ಸು ಹತ್ತಬೇಕು. ಕರೆದು ತಂದವನು ನಾನು.

ಅವರನ್ನು ಪಕ್ಕಕ್ಕೆ ಕರೆದು ಕೇಳಿದೆ. "ಈ ಹಸಿರು ಯಾವಾಗ ಬಳಿದ್ರಿ?"

"ಹೋದ್ ಆಯುಧಪೂಜೇಲಿ. ವರ್ಷವರ್ಷ ಬಳೀತೀವಿ ಕಣಪ್ಪ, ಕೆಲ್ಸದಲ್ಲಿ ಮಿಕ್ಕಿದ್ ಬಣ್ಣ. ಆರೋಕ್ ಮುಂಚೆ ಕುಂಕುಮ ಇಡ್ತೀವಿ. ತಾತನ್ ಕಾಲ್ದಿಂದ್ಲೂ ಅಷ್ಟೇಯ."

ನನಗೆ ಅಷ್ಟು ಸಾಕಾಗಿತ್ತು. ಚೌಕಟ್ಟಿನ ಒಳಮೂಲೆ, ಕೈ ತಾಗದ ಜಾಗದಿಂದ ಬ್ಲೇಡಿನಲ್ಲಿ ಬಣ್ಣದ ಒಂದು ಚಕ್ಕೆ ಎಬ್ಬಿಸಿದೆ. ಉಗುರಿಗಿಂತ ದಪ್ಪ. ಅದರ ಅಂಚನ್ನು ಲೆಕ್ಚರರ ಮೈಕ್ರೋಸ್ಕೋಪಿನಡಿ ಇಡಿಸಿದೆ. ಚಕ್ಕೆ ಕಾಣದಂತೆ ಆಚಾರ್ರನ್ನು ಗೋಡೆಗೆ ಮುಖ ಮಾಡಿ ಕೂರಿಸಿದೆ.

"ಮೇಲಿಂದ ಒಂದೊಂದೇ ಹೇಳಿ ಆಚಾರ್ರೆ. ಹಸಿರು ಆಯ್ತು."

"ಅದಕ್ ಮುಂಚೆ ಕಾಫಿ ಕಲರ್ರು, ಗೂಳೂರಿನ್ ಮನೆ ಬಾಗ್ಲಿಂದು. ಅದರ್ ಹಿಂದೆ ಎರಡ್ ವರ್ಷ ನೀಲಿ, ಸ್ಕೂಲ್ ಕಿಟ್ಕೀದು. ಅದ್ಕೂ ಮುಂಚೆ ಸಿಲ್ವರ್ರು. ಅದ್ರಾಚೆ ಒಂದ್ ವರ್ಷ ಬಣ್ಣ ಇಲ್ಲ, ಅವ್ವ ತೀರ್ಕಂಡಿದ್ರು."

"ಅದು ಕಾಣಲ್ಲ ಬಿಡಿ," ಎಂದರು ಲೆಕ್ಚರರ್, ಕಣ್ಣು ಎತ್ತದೆ. ದನಿ ಮೆತ್ತಗಾಗಿತ್ತು. "ಮಿಕ್ಕಿದ್ದು ಸರಿ ಇದೆ. ಮಧ್ಯಮಧ್ಯ ಏನಿದು, ಕೆಂಪು ಪುಡಿ?"

"ಕುಂಕುಮ ಸಾರ್. ಒಂದೇ ದಿನ ಅಷ್ಟೂ ಬಳಿದಿದ್ರೆ ಅದು ಇರ್ತಿತ್ತಾ?" ಎಂದೆ ನಾನು.

ಗಂಟೆಗೂ ಹೆಚ್ಚು ಹಿಡಿಯಿತು. ಹಲವು ಕಡೆ ಹಿಂದುಮುಂದಾಯಿತು, ಕೆಲವು ಮರೆತೂ ಹೋಗಿದ್ದವು. ಆದರೆ ಅವರು ಹೇಳಿದ ಬಣ್ಣಗಳೆಲ್ಲ ಅಲ್ಲಿದ್ದವು. ಕೊನೆಗೆ, "ರೆಡ್ ಆಕ್ಸೈಡು. ಆಗ್ತಾನೆ ಸ್ಕೂಲಿಗ್ ಸೇರಿದ್ದೆ. ಅದ್ರಿಂದಾಚೆ ನಂಗ್ ಗೊತ್ತಿಲ್ಲ," ಎಂದು ಆಚಾರ್ರು ನಿಲ್ಲಿಸಿದರು.

ಲೆಕ್ಚರರ್ ಎಣಿಸುತ್ತಲೇ ಇದ್ದರು. "ಕೆಳಗಿನ್ನೂ ಇಪ್ಪತ್ತೆರಡು ಪದರ ಇದೆ."

"ಅವು ಇವ್ರ ಅಪ್ಪಂದು, ತಾತಂದು ಸಾರ್. ಹೆಚ್ಚಿನವು ಇವ್ರು ಹುಟ್ಟೋಕ್ ಮುಂಚಿಂದು," ಎಂದು ನಾನು ಕುರ್ಚಿ ಎಳೆದುಕೊಂಡು ಕೂತೆ. ಅಲ್ಲಿಯವರೆಗೆ ನನಗೆ ಕೂರಲು ಯಾರೂ ಹೇಳಿರಲಿಲ್ಲ.

ಗೆದ್ದ ತಕ್ಷಣ ಎದ್ದು ಬರಬೇಡಿ. ಕೇಳುವುದನ್ನೆಲ್ಲ ಆಗಲೇ ಕೇಳಬೇಕು. ನಾನು ಮೊದಲು ಆಚಾರ್ರ ಮನೆತನಕ್ಕೆಂದೇ ಕಾಲೇಜಿನ ಒಂದಿಡೀ ಗೋಡೆ ಕೇಳಿದೆ. ಆಗುವುದಿಲ್ಲ ಎಂದರು. ಎಳೆದಾಡಿ, ತಾತ, ಅಪ್ಪ, ಮೊಮ್ಮಗ ಮೂವರ ಹೆಸರಿನ ಫಲಕ, ಜೊತೆಗೆ ಆಯುಧಪೂಜೆಗೆ ಆಚಾರ್ರೇ ಬಂದು ಬಣ್ಣ ಬಳಿಯುವುದು ಎಂಬಲ್ಲಿಗೆ ಇಳಿದೆ. ನನಗೆ ಬೇಕಿದ್ದುದೂ ಅದೇ.

"ಗಾಜಿನ ಪೆಟ್ಟಿಗೇಲಿರೋದಕ್ಕೆ ಬಣ್ಣ ಬಳಿಯೋದಾ?"

"ಬಳೀದೇ ಇದ್ದಿದ್ರೆ ಇವತ್ತು ನಿಮಗೆ ವಯಸ್ಸು ಯಾರ್ ಹೇಳ್ತಿದ್ರು ಸಾರ್?"

ಅವರು ನಕ್ಕುಬಿಟ್ಟರು.

ಈ ಸಲದ ಹಬ್ಬಕ್ಕೆ ಆಚಾರ್ರು ಕಿತ್ತಳೆ ಬಣ್ಣದ ಡಬ್ಬಿಯೊಂದಿಗೆ ಬಂದರು. ನನ್ನ ಅಂಗಡಿಗೆ ಅವರೇ ಮಾಡಿಕೊಟ್ಟ ಬಾಗಿಲಿಗೆ ಬಳಿದು ಮಿಕ್ಕದ್ದು. ಲೆಕ್ಚರರ್ ಡಬ್ಬಿ ಹಿಡಿದು ನಿಂತರು. ಬಣ್ಣ ಆರುವ ಮೊದಲೇ ಕುಂಕುಮ ಇಟ್ಟು, ಆಚಾರ್ರು ನನ್ನ ಕಡೆ ತಿರುಗಿದರು.

"ಇದೊಂದ್ ಪದರ ನಿಂದು ಕಣಪ್ಪ ಸಾವ್ಕಾರ. ಕೊನೆಗೂ ಪಾಲು ಗಿಟ್ಟಿಸ್ಕಂಡೆ."