ಕುರ್ಚಿಗಳ ನಡುವಿನ ದಾರಿ

ಮೇಳದ ವಿಷಯಕ್ಕೆ ನಾನು ಕೈ ಎತ್ತಿದ್ದು ಬಂಟ್ವಾಳ ಪೇಟೆಯ ಒಂದು ಹೋಟೆಲಿನಲ್ಲಿ. ಪಕ್ಕದ ಮೇಜಿನಲ್ಲಿ ಬನ್ಸ್ ತಿನ್ನುತ್ತಿದ್ದ ಜವಳಿ ಅಂಗಡಿಯವನೊಬ್ಬ, ನಮ್ಮ ಯಕ್ಷಗಾನ ಮೇಳವನ್ನು ಮಂಗಳೂರಿನ ಟೆಂಟ್ ಕಂಪೆನಿ ವಹಿಸಿಕೊಂಡಿತಂತೆ ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಅಷ್ಟಕ್ಕೇ ಬಿಟ್ಟಿದ್ದರೆ ಸರಿಯಿತ್ತು. "ಒಳ್ಳೆಯದೇ ಆಯ್ತು ಮಾರಾಯ. ಇನ್ನು ಕುರ್ಚಿಯಲ್ಲಿ ಕೂತು ನೋಡಬಹುದು. ಆ ಬೊಬ್ಬೆ ಹೊಡೆಯುವ ರಾಕ್ಷಸ ಯಾರಿಗೆ ಬೇಕು?" ಅಂದ. ನಾನು ಎದ್ದು ಹೋಗಿ ಅವನ ಕಪಾಳಕ್ಕೆ ಬಿಗಿದೆ. ಅವನು ಬಿಸಿ ಚಹಾವನ್ನು ನನ್ನ ಎದೆಗೆ ಎರಚಿದ. ಅಂಗಿಯ ಕಾಲರಿಗೆ ಕೈ ಹಾಕಿ ಅವನನ್ನು ಮೇಜಿನ ಮೇಲಿನಿಂದ ಎಳೆದುಕೊಂಡೆ. ಗ್ಲಾಸುಗಳು ಒಡೆದವು, ಬೆಂಚು ಮಗುಚಿತು. ಹೋಟೆಲಿನವರು ಸೌಟು ಹಿಡಿದು ಬಂದು ಇಬ್ಬರಿಗೂ ಸಮಾ ಬಾರಿಸಿ ಹೊರಗೆ ದಬ್ಬಿದರು.

ನನಗೆ ಆಗ ಇಪ್ಪತ್ತಾರು. ಐವತ್ತರ ದಶಕ ಮುಗಿಯುತ್ತ ಬಂದ ಕಾಲ. ನೇತ್ರಾವತಿಯ ದಡದ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಒತ್ತುವ ಕೆಲಸ ನನ್ನದು. ದಿನವಿಡೀ ಯಂತ್ರದ ಹಿಡಿ ತಿರುಗಿಸಿ ಕೈಯಲ್ಲಿ ಒಳ್ಳೆಯ ಬಲವಿತ್ತು, ತಲೆಯಲ್ಲಿ ಅದರ ಅರ್ಧವೂ ಇರಲಿಲ್ಲ. ನನ್ನ ಜೊತೆ ಕಾರ್ಖಾನೆಯ ಐದು ಮಂದಿ. ನಮಗೆಲ್ಲ ಮುಖಂಡ ಬೆಳ್ತಂಗಡಿಯ ನನ್ನ ಭಾವ, ಅಕ್ಕನ ಗಂಡ. ಬೇರೆಯವರು ಭಾಗವತರ ಪದಕ್ಕೆ ಮರುಳಾಗುತ್ತಿದ್ದರು, ಹೆಣ್ಣು ವೇಷಕ್ಕೆ ಮರುಳಾಗುತ್ತಿದ್ದರು. ನಾವು ಹುಚ್ಚು ಹಿಡಿಸಿಕೊಂಡದ್ದು ಬಣ್ಣದ ವೇಷಕ್ಕೆ, ಅಂದರೆ ರಾಕ್ಷಸನಿಗೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಮುಖದ ತುಂಬ ಮುಳ್ಳು ಎಬ್ಬಿಸಲು ಮೂರು ಗಂಟೆ ಬೇಕಾಗುವ ವೇಷ ಅದು. ಆಟ ನಡೆಯುವುದು ಕೊಯ್ಲಾದ ಗದ್ದೆಯಲ್ಲಿ. ಉಳಿದ ವೇಷಗಳು ರಂಗಸ್ಥಳದ ಹಿಂದಿನಿಂದ ಬಂದರೆ ನಮ್ಮ ರಾಕ್ಷಸ ಬರುವುದು ಜನರ ಬೆನ್ನ ಹಿಂದಿನಿಂದ, ಗದ್ದೆಯ ಆಚೆ ಕೊನೆಯಿಂದ, ಎರಡು ದೊಂದಿಗಳ ನಡುವೆ, ಜನರನ್ನು ಸೀಳಿಕೊಂಡು. ಅವನಿಗೆ ಮಾತು ಕಡಿಮೆ. ಆರ್ಭಟವೇ ಮಾತು. ಕೂತವರ ಪಕ್ಕೆಲುಬು ನಡುಗುತ್ತಿತ್ತು. ಆರಡಿಯ ನನ್ನ ಭಾವ ಅದನ್ನು ಕೇಳಿ ಪ್ರತಿ ಸಲವೂ ಅಳುತ್ತಿದ್ದ.

ನಮಗೆ ಒಂದು ನೇಮವಿತ್ತು, ಭಾವ ಹಾಕಿದ್ದು. ಬಣ್ಣ ಹಾಕುವ ಚೌಕಿಯ ಕಡೆ ನಾವು ಯಾರೂ ಇಣುಕಬಾರದು. ಆಟ ಮುಗಿದ ಮೇಲೆ ಬಣ್ಣ ತೆಗೆಯುವುದನ್ನೂ ನೋಡಬಾರದು. ಅದರ ಕೆಳಗೆ ಒಬ್ಬ ಮನುಷ್ಯ ಇದ್ದಾನೆಂದು ಕಂಡರೆ ಹೆದರಿಕೆ ಹೋಯಿತು, ಹೆದರಿಕೆ ಹೋದರೆ ಆಟವೇ ಹೋಯಿತು ಎಂದು ಅವನ ವಾದ. ನಮ್ಮಲ್ಲೊಬ್ಬ ಒಮ್ಮೆ ಕದ್ದು ಇಣುಕಿದ್ದಕ್ಕೆ ಅವನನ್ನು ಹೊಡೆದು ತೋಡಿಗೆ ಎಸೆದಿದ್ದೆವು. ಹೀಗೆ ಹನ್ನೆರಡು ವರ್ಷ ನೋಡಿಯೂ ಆ ವೇಷ ಕಟ್ಟುವ ಕಲಾವಿದರ, ನಾವು ಬಣ್ಣದವರು ಎಂದು ಕರೆಯುತ್ತಿದ್ದ ಆ ಒಬ್ಬರ, ಬರಿ ಮುಖ ಹೇಗಿದೆಯೆಂದು ನಮಗೆ ತಿಳಿದಿರಲಿಲ್ಲ. ಅದನ್ನೇ ದೊಡ್ಡ ಭಕ್ತಿ ಎಂದುಕೊಂಡು ಮೀಸೆ ತಿರುವುತ್ತಿದ್ದೆವು.

ಕಂಪೆನಿಯ ಹೆಸರು ಕೇಳಿ ನಮಗೆ ಬೆಂಕಿ ಹತ್ತಿದ್ದಕ್ಕೆ ಕಾರಣ ಉಂಟು. ಅದೇ ಕಂಪೆನಿ ಮೊದಲೇ ಬೇರೊಂದು ಮೇಳವನ್ನು ನುಂಗಿತ್ತು. ಆ ಮೇಳದ ಟೆಂಟ್ ಫರಂಗಿಪೇಟೆಗೆ ಬಂದಾಗ ಟಿಕೇಟು ತೆಗೆದು ಹೋಗಿ ನೋಡಿದ್ದೆವು. ಒಳಗೆ ಈ ತುದಿಯಿಂದ ಆ ತುದಿಗೆ ಕುರ್ಚಿಯೋ ಕುರ್ಚಿ, ಇರುವೆ ನುಸುಳಲಿಕ್ಕೂ ದಾರಿ ಇಲ್ಲ. ಅವರ ರಾಕ್ಷಸ ರಂಗದ ಪಕ್ಕದ ಪರದೆ ಸರಿಸಿ, ಬಚ್ಚಲಿನಿಂದ ಮಿಂದು ಬಂದವನ ಹಾಗೆ ಬಂದ, ನಾಲ್ಕು ಸುತ್ತು ಹಾಕಿ ಹೋದ. ಜನ ನಗುತ್ತಿದ್ದರು. ರಾಕ್ಷಸನನ್ನು ನೋಡಿ ನಗುವುದೆಂದರೆ ಎಂತ ಅವಸ್ಥೆ. ಭಾವ ಹೊರಗೆ ಬಂದವನೇ ಟೆಂಟಿನ ಗೂಟಕ್ಕೆ ಒದ್ದು, "ನಮ್ಮ ಬಣ್ಣದವರನ್ನು ಹೀಗೆ ಮಾಡಿದರೆ ನಾನು ಟೆಂಟಿಗೆ ಬೆಂಕಿ ಕೊಡ್ತೇನೆ," ಅಂದಿದ್ದ.

ಹೋಟೆಲಿನ ಗಲಾಟೆಯಾದ ಆದಿತ್ಯವಾರ ನಾವೆಲ್ಲ ಬಸ್ಸು ಹತ್ತಿ ಮೂಡಬಿದ್ರೆಗೆ ಹೋದೆವು. ಮೇಳ ಅಲ್ಲಿನ ಹಳೆಯ ಜೈನ ಮನೆತನದ್ದು. ಧಣಿಗಳು ಚಾವಡಿಯಲ್ಲಿ ಕೂತು ಎಲೆ ಹಾಕುತ್ತಿದ್ದರು.

"ಮೇಳ ಯಾಕೆ ಕೊಟ್ರಿ ಧಣಿಗಳೇ?" ಎಂದು ಭಾವ ನಿಂತಲ್ಲಿಂದಲೇ ಕೇಳಿದ. ದನಿಯಲ್ಲಿ ಮರ್ಯಾದೆ ಇರಲಿಲ್ಲ.

"ನಲವತ್ತು ಜನರನ್ನು ನಡೆಸಲಿಕ್ಕೆ ನನ್ನಿಂದ ಇನ್ನು ಆಗುವುದಿಲ್ಲ. ನೀವು ನಡೆಸ್ತೀರಾ?" ಅಂದರು.

"ಬಣ್ಣದವರನ್ನು ಕಂಪೆನಿ ಎಂತ ಮಾಡ್ತದೆ?"

"ಅದನ್ನು ಬಣ್ಣದವರನ್ನೇ ಕೇಳಿ. ಮಾತಾಡಲಿಕ್ಕೆ ಬಂದವರು ಒಳಗೆ ಊಟ ಮಾಡ್ತಾ ಇದ್ದಾರೆ. ಕರೆಯಲಾ?"

ಧಣಿಗಳು ಬಾಗಿಲ ಕಡೆ ತಿರುಗಿದ್ದರು. ಒಳಗೆ ಬಟ್ಟಲಿಗೆ ಚೊಂಬು ತಾಗಿದ ಶಬ್ದ ಕೇಳಿಸಿತು. ಎರಡು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಭಾವ ಕೈ ಅಡ್ಡ ಹಿಡಿದ. "ಬೇಡ, ಬೇಡ. ಬಣ್ಣ ಇಲ್ಲದ ಮುಖ ನಮಗೆ ಬೇಡ," ಅಂದ. ನಾವೂ ತಲೆ ಅಲ್ಲಾಡಿಸಿದೆವು. ಧಣಿಗಳು ನಮ್ಮನ್ನು ಒಂದು ತರಹ ನೋಡಿ, "ಹಾಗಾದರೆ ನಿಮಗೆ ಬೇಕಾದ್ದು ಎಂತ?" ಎಂದು ಕೇಳಿದರು. ನಾವು ಮೆಟ್ಟಿಲು ಇಳಿದು ಬಂದೆವು. ಬಸ್ಸಿನಲ್ಲಿ ನಮ್ಮ ನೇಮ ಉಳಿಯಿತೆಂದು ಒಬ್ಬರಿಗೊಬ್ಬರು ಬೆನ್ನು ತಟ್ಟಿಕೊಂಡೆವು. ಥೂ, ನೆನೆದರೆ ಈಗಲೂ ಮೈ ಉರಿಯುತ್ತದೆ.

ಕಂಪೆನಿಯ ಮೊದಲ ಆಟ ಬೆಳ್ತಂಗಡಿಯಲ್ಲಿ. ಜೀಪಿಗೆ ಮೈಕ್ ಕಟ್ಟಿ ಊರೆಲ್ಲ ಸಾರಿದರು. ಕರಪತ್ರದಲ್ಲಿ ಝಗಝಗಿಸುವ ವಿದ್ಯುದ್ದೀಪ ಎಂದಿತ್ತು, ಸುಖಾಸನ ಎಂದಿತ್ತು, ಹಾಸ್ಯಗಾರರ ಹೆಸರು ದಪ್ಪ ಅಕ್ಷರದಲ್ಲಿತ್ತು. ಬಣ್ಣದವರ ಹೆಸರು ಎಲ್ಲೂ ಇಲ್ಲ. ಭಾವ ಅದನ್ನು ಓದಿ, ಉಂಡೆ ಕಟ್ಟಿ, ಬಾಯಿಗೆ ಹಾಕಿ ಜಗಿದು ಉಗಿದ. "ಇವತ್ತು ಒಂದೋ ಅವರು, ಒಂದೋ ನಾವು. ಹೋಗುವ," ಅಂದ.

ಮಧ್ಯಾಹ್ನ ಮೂರು ಗಂಟೆಗೆ ಹಗ್ಗ ಹಾರಿ ಟೆಂಟಿನೊಳಗೆ ಹೊಕ್ಕೆವು. ಒಳಗೆ ಬಟ್ಟೆಯ ಕಾವು, ಬೆವರು. ಮುಂದುಗಡೆ ಕೆಲಸದವರು ದೀಪ ಕಟ್ಟುತ್ತಿದ್ದರು. ಹಿಂದುಗಡೆ, ರಾಕ್ಷಸ ಒಳಗೆ ಬರಬೇಕಾದ ಜಾಗದಲ್ಲಿ, ಒಬ್ಬ ಮುದುಕ ಮಡಚುವ ಕಬ್ಬಿಣದ ಕುರ್ಚಿಗಳನ್ನು ತಂದು ತಂದು ಒಟ್ಟುತ್ತಿದ್ದ. ಸಪೂರ ಆಳು. ಬೈರಾಸನ್ನು ತಲೆಗೆ ಸುತ್ತಿದ್ದ, ಬರಿ ಮೈ. ಆಗಲೇ ಸೊಂಟದೆತ್ತರಕ್ಕೆ ಕುರ್ಚಿಯ ಗೋಡೆ ಎದ್ದಿತ್ತು.

"ಇದು ರಾಕ್ಷಸ ಬರುವ ಜಾಗ. ಇಲ್ಲಿ ಯಾಕೆ ಕುರ್ಚಿ?" ಎಂದು ಭಾವ ಕೇಳಿದ.

"ಕೆಲಸ ಮುಗಿಯಲಿ ಮಾರಾಯ, ಆಮೇಲೆ ನೋಡುವಿಯಂತೆ," ಅಂದ ಮುದುಕ. ದನಿ ಮೆತ್ತಗೆ. ಕುರ್ಚಿ ಇಳಿಸಿ ನಮ್ಮನ್ನು ನೋಡಿ ನಕ್ಕ. "ಹೆದರಬೇಡಿ. ಅವ ಬರ್ತಾನೆ."

ಆ ನಗುವೇ ನಮ್ಮನ್ನು ಕೆಡಿಸಿತು. ಕಂಪೆನಿಯ ಆಳು ನಮ್ಮನ್ನು ಗೇಲಿ ಮಾಡುತ್ತಿದ್ದಾನೆ ಎಂದುಕೊಂಡೆವು. ಭಾವ ಟೆಂಟಿನ ಗೂಟ ಕಿತ್ತು ಅವನ ಹೆಗಲಿಗೆ ಬೀಸಿದ. ಮುದುಕ ಮಂಡಿಯೂರಿದ. ನಮ್ಮವರು ಒಟ್ಟಿದ ಕುರ್ಚಿಗಳನ್ನು ಒದ್ದು ಕೆಡವಿದರು. ಒಬ್ಬ ಅವನ ಬೆನ್ನಿಗೆ ತುಳಿದ. ನಾನು ಒಂದು ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿದೆ. ಆಗ ಮುದುಕ ಕೈಯೂರಿ ಎದ್ದು, ಎದೆ ಬಿಚ್ಚಿ, ಬಾಯಿ ತೆರೆದ.

ಟೆಂಟಿನ ಬಟ್ಟೆ ನಡುಗಿತು. ನನ್ನ ಪಕ್ಕೆಲುಬು ನಡುಗಿತು. ಹನ್ನೆರಡು ವರ್ಷ ಗದ್ದೆಯ ಕೊನೆಯಿಂದ ಕೇಳಿದ ಆರ್ಭಟ, ಈಗ ಎರಡು ಮೊಳ ದೂರದಿಂದ. ಕಿವಿಗೆ ಗುರುತಾಯಿತು; ಕೈಗೆ ಆಗಲಿಲ್ಲ. ಕುರ್ಚಿ ಆಗಲೇ ಬೀಸಿ ಹೋಗಿತ್ತು. ಅದರ ಅಂಚು ಅವರ ದವಡೆಗೆ ಬಿತ್ತು, ಆರ್ಭಟ ಅರ್ಧದಲ್ಲಿ ನಿಂತಿತು. ಮೂಳೆ ಮುರಿದ ಶಬ್ದ ನನ್ನ ಮುಂಗೈವರೆಗೆ ಬಂತು.

ಭಾವನ ಕೈಯಿಂದ ಗೂಟ ಜಾರಿತು. ಅವನು ಬಿದ್ದವರ ಕಾಲ ಬುಡದಲ್ಲಿ ಕೂತು "ಅವರೇ, ಅವರೇ" ಎಂದು ಹೇಳುತ್ತಲೇ ಇದ್ದ. ಅಷ್ಟರಲ್ಲಿ ಕಂಪೆನಿಯ ಆಳುಗಳು ಸುತ್ತುವರಿದು ನಮ್ಮನ್ನು ಹಣ್ಣುಗಾಯಿ ಮಾಡಿದರು. ನಾನು ಕೈ ಅಡ್ಡ ಹಿಡಿಯಲಿಲ್ಲ. ಎರಡು ಹಲ್ಲು ಹೋಯಿತು, ಇನ್ನೆರಡು ಹೋಗಿದ್ದರೂ ಸಂತೋಷವೇ ಇತ್ತು. ಕಂಪೆನಿಯ ಮೆನೇಜರು ಓಡಿ ಬಂದು ಬಣ್ಣದವರನ್ನು ಜೀಪಿಗೆ ಹಾಕಿಸಿ, ಬಾಯಿಗೆ ಬಂದಂತೆ ಬೈಯುತ್ತ ನಮ್ಮ ಎದುರು ನಿಂತರು. "ನಡುವೆ ದಾರಿ ಬಿಡದಿದ್ದರೆ ವೇಷ ಕಟ್ಟುವುದಿಲ್ಲ ಅಂತ ಒಂದು ತಿಂಗಳು ಹಠ ಹಿಡಿದ್ರು. ಕಡೆಗೆ ನಾನೇ ಒಪ್ಪಿದೆ. ದಾರಿಯ ಅಗಲ ತಾನೇ ನೋಡ್ಬೇಕು ಅಂತ ಊಟ ಸಹ ಬಿಟ್ಟು ಕುರ್ಚಿ ತೆಗೀತಾ ಇದ್ರು. ಎಲ್ಲಿಯ ಜನ ನೀವು?"

ಆಗ ತಿರುಗಿ ನೋಡಿದೆ. ಕುರ್ಚಿಗಳ ಸಾಲಿನ ನಡುವೆ, ರಂಗದಿಂದ ನಮ್ಮ ಕಾಲಿನವರೆಗೆ, ಒಂದು ಮಾರು ಅಗಲದ ದಾರಿ ನೆಟ್ಟಗೆ ಬಂದಿತ್ತು. ತೆಗೆದ ಕುರ್ಚಿಗಳನ್ನೇ ಅವರು ಹಿಂದೆ ಒಟ್ಟಿದ್ದು, ಆಮೇಲೆ ಹೊರಗೆ ಸಾಗಿಸಲು. ನಾವು ನಿಂತದ್ದು ಕೊನೆಯ ಸಾಲಿನ ಹತ್ತಿರ; ಅಷ್ಟು ತೆಗೆದಿದ್ದರೆ ಅವರ ಕೆಲಸ ಮುಗಿಯುತ್ತಿತ್ತು.

ಪೊಲೀಸರು ನಮ್ಮನ್ನು ಒಂದು ರಾತ್ರಿ ಠಾಣೆಯಲ್ಲಿ ಕೂರಿಸಿ ಬಿಟ್ಟರು. ಆಸ್ಪತ್ರೆಯಲ್ಲಿ ಹೇಳಿಕೆ ಕೇಳಿದಾಗ, ಮಾತು ಬಾರದ ಅವರು ಕಾಗದದಲ್ಲಿ ಬರೆದುಕೊಟ್ಟರಂತೆ: ಹೊಡೆದವರ ಗುರುತಿಲ್ಲ. ಕಂಪೆನಿ ನಾಲ್ಕು ಊರಿನಲ್ಲಿ ಆ ದಾರಿಯನ್ನು ಖಾಲಿ ಬಿಟ್ಟಿತು. ಬರುವವರು ಯಾರೂ ಇಲ್ಲವೆಂದು ಖಚಿತವಾದ ಮೇಲೆ ಐದನೆಯ ಊರಿನಲ್ಲಿ ಅಲ್ಲಿಯೂ ಕುರ್ಚಿ ಹಾಕಿತು.

ಮೂರು ತಿಂಗಳ ಬಳಿಕ ಭಾವ ಮತ್ತು ನಾನು ಅವರ ಮನೆ ಹುಡುಕಿಕೊಂಡು ಹೋದೆವು. ಮೂಡಬಿದ್ರೆಯಿಂದ ಮೂರು ಮೈಲಿ ಒಳಗೆ, ಹುಲ್ಲಿನ ಮಾಡಿನ ಮನೆ. ಅವರ ಹೆಂಡತಿ ಹೊರಗೆ ಬಂದು ಯಾರೆಂದು ಕೇಳಿದರು. ನಾನು ಭಾವನ ಹಿಂದೆ ಸರಿದೆ. ಭಾವ, "ಬಣ್ಣದವರ ಅಭಿಮಾನಿಗಳು, ಬಂಟ್ವಾಳದ ಕಡೆಯವರು," ಅಂದ.

ಆಕೆಯ ಮುಖ ಅರಳಿತು. ಚಾಪೆ ಹಾಸಿ ಬೆಲ್ಲ, ನೀರು ತಂದಿಟ್ಟರು. ಬಣ್ಣದವರು ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದು ನಮ್ಮ ಎದುರು ಕೂತರು. ದವಡೆ ಒಂದು ಬದಿಗೆ ಸರಿದಿತ್ತು. ನನ್ನನ್ನು ನೋಡಿದರು, ಭಾವನನ್ನು ನೋಡಿದರು. ಗುರುತಾಯಿತೆಂದು ನಮಗೆ ತಿಳಿಯಿತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಹೆಂಡತಿಗೆ ಕಾಣದ ಹಾಗೆ, ಮಡಿಲಿನಲ್ಲಿಯೇ, ಬೇಡವೆಂದು ಬೆರಳು ಆಡಿಸಿದರು.

"ಯಾರೋ ಗುರುತಿಲ್ಲದ ಪುಂಡರಂತೆ," ಎಂದು ಆಕೆ ಹೇಳುತ್ತಿದ್ದರು. "ಈಗ ಗಂಜಿಯ ತಿಳಿ ಮಾತ್ರ ಇಳಿಯುವುದು. ಬೊಬ್ಬೆ ಬಿಡಿ, ನನ್ನನ್ನು ಕರೆಯಲಿಕ್ಕೂ ಚೊಂಬು ಬಡೀತಾರೆ. ಆವತ್ತು ನಿಮ್ಮಂಥವರು ನಾಲ್ಕು ಜನ ಅಲ್ಲಿ ಇದ್ದಿದ್ದರೆ ಇವರ ಮೈ ಮುಟ್ಟಲಿಕ್ಕೆ ಬಿಡ್ತಿದ್ರಾ?"

ಭಾವ ಮುಖ ತಗ್ಗಿಸಿ, "ಇಲ್ಲ ಅಕ್ಕ," ಅಂದ. ಬಣ್ಣದವರು ಬೆಲ್ಲದ ತಟ್ಟೆಯನ್ನು ನನ್ನ ಕಡೆಗೆ ದೂಡಿದರು. ನಾನು ಒಂದು ತುಂಡು ಬಾಯಿಗೆ ಹಾಕಿಕೊಂಡೆ.